ಸಹಾಯ ಬೇಕು: ಅಜ್ಜಿಯ ‘ಆಲು’ ತಪ್ಪಾ?

ನಮಸ್ಕಾರ. ಭಾಷಾವಿಜ್ಞಾನದ ಪರೀಕ್ಷೆಗೆ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. 1965ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ತಲೆಯೊಳಗಿನ ಭಾಷಾಜ್ಞಾನ ಬೇರೆ, ಬಾಯಿಂದ ಬರುವ ಮಾತು ಬೇರೆ ಎಂದರು. ಮರೆವು, ತಡವರಿಕೆ ಎರಡನೆಯದಕ್ಕೆ ಸೇರುತ್ತವೆ. ಸರಿ. ಆದರೆ ನಮ್ಮಜ್ಜಿ ಹಾಲಿಗೆ ‘ಆಲು’ ಅಂತಾರೆ. ಗೆಳೆಯ ಇದನ್ನೂ ಆಡುವಾಗಿನ ತಪ್ಪು ಅಂತಾನೆ. ನನಗೆ ಒಪ್ಪಿಗೆಯಿಲ್ಲ. ಅಜ್ಜಿ ‘ಲ’, ‘ಳ’ ಒಂದು ದಿನವೂ ಬೆರೆಸಿಲ್ಲ, ಅಂದರೆ ನಾಲಿಗೆ ತಪ್ಪುವವರಲ್ಲ. ‘ಹ’ ಬಿಡುವುದು ಅವರ ಆಡುನುಡಿಯ ಧ್ವನಿನಿಯಮವೇ ಅಲ್ವಾ?

ಇನ್ನೊಂದು. ‘ಊಟ ಆಯ್ತಾ?’ ವಾಕ್ಯವಾಗಿ ನೋಡಿದರೆ ಪ್ರಶ್ನೆ. ನಮ್ಮ ಬೀದಿಯಲ್ಲಿ ಸುಮ್ನೆ ಮಾತಾಡಿಸುವ ರೀತಿ. ಈ ತಿಳಿವಳಿಕೆ ವ್ಯಾಕರಣದ ಒಳಗಾ, ಹೊರಗಾ?

ಗೊತ್ತಿರುವವರು ಭಾನುವಾರ ಒಂದು ಗಂಟೆ ಜಯನಗರದ ಕಡೆ ಸಿಗ್ತೀರಾ? ಫಿಲ್ಟರ್ ಕಾಫಿ ನನ್ನ ಲೆಕ್ಕ.