ಪದ ಬೇಕು (ತುರ್ತು): ಹಳೇ ಇಂಗ್ಲಿಷ್ ರೈತರ ಮನೆಯ "ಓಪನ್ ಹಾಲ್"

ಎಲ್ರಿಗೂ ನಮಸ್ಕಾರ. ಶನಿವಾರ ನಾವೊಂದಿಷ್ಟು ಕನ್ನಡದೋರು ಸಸೆಕ್ಸ್‌ನ ಸಿಂಗಲ್ಟನ್‌ನಲ್ಲಿರೋ ಬಯಲು ಮ್ಯೂಸಿಯಮ್‌ಗೆ ಹೋಗ್ತಿದೀವಿ, ಅಲ್ಲಿ ಬೇಲೀಫ್ ಅಂತ ಒಂದು ಹಳೇ ರೈತರ ಮನೆ ಇದೆ. ಊರಿಂದ ಬಂದಿರೋ ಅಪ್ಪ ಅಮ್ಮಂದಿರಿಗೆ ಒಂದು ಪುಟ ಕನ್ನಡದಲ್ಲಿ ಬರೀತಿದೀನಿ, ನಾಳೆ ರಾತ್ರಿ ಪ್ರಿಂಟ್‌ಗೆ ಹೋಗ್ಬೇಕು. ಮನೆ ಕೆಂಟ್‌ದು, 15ನೇ ಶತಮಾನದ ಶುರುವಿಂದು, ಓಕ್ ಮರದ ಚೌಕಟ್ಟಿನ ಮಧ್ಯೆ ಮಣ್ಣು ಮೆತ್ತಿದ ತಡಿಕೆ ಗೋಡೆ, ಬೌ ಬೀಚ್ ಜಲಾಶಯದಿಂದಾಗಿ ಮುಳುಗಡೆ ಆಗೋದಿತ್ತು ಅಂತ ಬಿಚ್ಚಿ ತಂದು ಇಲ್ಲಿ ಜೋಡಿಸಿದಾರೆ. ನಡುವೆ ಓಪನ್ ಹಾಲ್, ನೆಲದ ಮೇಲೇ ಬೆಂಕಿ. ನಾನು "ತೆರೆದ ಸಭಾಂಗಣ" ಅಂತ ಬರ್ದೆ, ನಮ್ಮತ್ತೆ ಓದಿ "ಮಳೆ ಬಂದ್ರೆ ಏನ್ ಮಾಡ್ತಿದ್ರು?" ಅಂದ್ರು.

----

ರೈತನ ಮನೇಲಿ ಯಾವ ಸಭೆ ಸ್ವಾಮಿ. ಪಡಸಾಲೆ ಅನ್ನಿ. ಮುಗೀತು.

----

> ಪಡಸಾಲೆ ಅನ್ನಿ. ಮುಗೀತು.

ಮುಗೀಲಿಲ್ಲ. ಪಡಸಾಲೆ ಮುಂದ್ಗಡೆ ಇರೋದು. ಇದು ನಟ್ಟನಡುವೆ, ಒಂದು ತುದೀಲಿ ಯಜಮಾನನ ಕೋಣೆ, ಇನ್ನೊಂದು ತುದೀಲಿ ಬಟರಿ ಪ್ಯಾಂಟ್ರಿ, ಎರಡು ತುದಿಗೂ ಮೇಲೆ ಮಹಡಿ ಇದೆ, ನಡುವೆ ಮಾತ್ರ ಇಲ್ಲ. ಹಾಗಾಗಿ ನಡುಮನೆ. ಓಪನ್ ಅಂದ್ರೆ ಆಕಾಶಕ್ಕಲ್ಲ, ಸೂರಿಗೆ, ಆದ್ರಿಂದ ತೊಟ್ಟಿ ಅಂತ ಯಾರೂ ಶುರು ಮಾಡ್ಬೇಡಿ. "ಅಟ್ಟವಿಲ್ಲದ ನಡುಮನೆ" ಅನ್ನಿ. ಹೊಗೆ ನೆಟ್ಟಗೆ ಮೇಲೇರಿ ಸೂರಿನ ಸಂದೀಲಿ ಹೋಗ್ತಿತ್ತು. ಆ ಕಡೆಯ ಎಷ್ಟೋ ಮನೆಗಳಲ್ಲಿ ಈಗಿನ ಸೀಲಿಂಗ್ ಮೇಲಕ್ಕೆ ಟಾರ್ಚ್ ಹಿಡ್ಕೊಂಡು ಹತ್ತಿದ್ರೆ ತೊಲೆಗೆಲ್ಲ ಕಪ್ಪು ಮಸಿ, ನಮ್ಮಜ್ಜಿ ಅಡುಗೆಮನೆ ಇಲ್ಲಣದ ಥರ. ಒಂದ್ಕಾಲಕ್ಕೆ ಅಲ್ಲಿ ಅಟ್ಟ ಇರಲಿಲ್ಲ ಅಂತ ಗೊತ್ತಾಗೋದೇ ಅದ್ರಿಂದ. 16, 17ನೇ ಶತಮಾನದಲ್ಲಿ ಒಬ್ಬೊಬ್ರೇ ಇಟ್ಟಿಗೆ ಚಿಮ್ನಿ ಕಟ್ಟಿ, ನಡುಮನೆಗೂ ಅಟ್ಟ ಹಾಕಿದ್ರು.

----

ಅಟ್ಟ ಅಂದ್ರಲ್ಲ, ಇಂಗ್ಲಿಷಿನ "ಆಟಿಕ್" ನಮ್ಮ ಅಟ್ಟದಿಂದಲೇ ಹೋಗಿದ್ದು ಅಂತ ಹಿಂದೆಯೇ ಇಲ್ಲಿ ಬರೆದಿದ್ದೆ.

----

ಹಿಂದೆಯೂ ತಪ್ಪು. ಗ್ರೀಸಿನ ಆಟಿಕಾ.

----

ಚಿಮ್ನಿ ಅಂತ ಬರೀಬ್ಯಾಡ್ರಿ. ನಮ್ಮ ಕಡೆ ಚಿಮಣಿ ಅಂದ್ರ ದೀಪ, ಚಿಮಣಿ ಎಣ್ಣಿ ಅಂದ್ರ ಸೀಮೆಎಣ್ಣಿ. "ಆಮ್ಯಾಲೆ ಚಿಮಣಿ ಬಂತು" ಅಂದ್ರ ನಮ್ಮವ್ವ ದೀಪಾ ಹಚ್ಚಿದ್ರು ಅಂತ ತಿಳ್ಕೋತಾಳ. ಹೊಗೆಗೂಡು ಅಂತ ಚಂದನ ಪದ ಐತಲ್ರಿ.

----

ಹೊಗೆಗೂಡು ಓಕೆ. ಬಟರಿಗೆ "ಬೆಣ್ಣೆ ಕೋಣೆ" ಹಾಕಿದೀನಿ, ಸರೀನಾ?

----

ಅಯ್ಯೋ ಬೇಡ. ಬಟರಿಗೂ ಬೆಣ್ಣೆಗೂ ಸಂಬಂಧ ಇಲ್ಲ, "ಬಟ್" ಅಂದ್ರೆ ಪೀಪಾಯಿ, ಬೀರ್ ಇಡೋ ಜಾಗ. ಪ್ಯಾಂಟ್ರಿ ಲ್ಯಾಟಿನ್ನಿನ ಪಾನಿಸ್, ರೊಟ್ಟಿ. ಪೀಪಾಯಿ ಕೋಣೆ, ರೊಟ್ಟಿ ಕೋಣೆ ಅನ್ನಿ.

----

ಪೀಪಾಯಿ ಪೋರ್ಚುಗೀಸ್. ಹೊಗೆಗೂಡಿಗೊಂದು ನ್ಯಾಯ, ಬಟರಿಗೊಂದು ನ್ಯಾಯವೇ? ಹಾಗೇ ಕಿಟಕಿಯನ್ನೂ ಬಿಡಿ, ಅದು ಉತ್ತರದ ಸಾಲ. ಬೆಳಕಿಂಡಿ ಎನ್ನಿ.

----

ಬೆಳಕಿಂಡಿ ಮಾಳಿಗೆ ಮೇಲಿರ್ತದರೀ, ಗ್ವಾಡಿಗಲ್ಲ! ಪದ ಅಚ್ಚಗನ್ನಡ ಆದ್ರ ಸಾಕು, ವಸ್ತು ಯಾವ್ದಾದ್ರೂ ನಡೀತದೇನು?

----

ಸಾಲದ ಮಾತು ಬಂತು ಅಂತ. ವಿಂಡೋ ಇಂಗ್ಲಿಷರದ್ದೇ ಅಲ್ಲ, ನಾರ್ಸ್ ಭಾಷೆದು, ವಿಂಡ್‌ಔಗ ಅಂದ್ರೆ ಗಾಳಿಗಣ್ಣು. ನಮ್ಮ ಗವಾಕ್ಷಿ ಹಸುವಿನ ಕಣ್ಣು. ಸಾಲ ತಂದವರು ಅದನ್ನೇ ಇಟ್ಕೊಂಡು ಹಾಯಾಗಿದಾರೆ, 1696ರಿಂದ 1851ರ ತನಕ ಆ ಗಾಳಿಗಣ್ಣಿಗೇ ತೆರಿಗೆ ಹಾಕಿದ್ರು, ಜನ ಇಟ್ಟಿಗೆ ಇಟ್ಟು ಮುಚ್ಚಿದ್ರು, ಪದ ಮಾತ್ರ ಯಾರೂ ಬದಲಾಯಿಸಲಿಲ್ಲ.

----

ತೆರಿಗೆಗೂ ಪದಕ್ಕೂ ಏನು ಸಂಬಂಧ?

----

ಎಲ್ರಿಗೂ ಥ್ಯಾಂಕ್ಸ್. ಇದನ್ನ ಕಳಿಸ್ಬಿಟ್ಟೆ: "ಇದು ಅಟ್ಟವಿಲ್ಲದ ನಡುಮನೆ. ನೆಲದ ಮೇಲೇ ಬೆಂಕಿ, ಹೊಗೆ ಸೂರಿನ ಸಂದಿಯಲ್ಲಿ. ಹೊಗೆಗೂಡು ಹುಡುಕಬೇಡಿ, ನಂತರ ಸೇರಿಸಿದ್ದನ್ನೆಲ್ಲ ಮ್ಯೂಸಿಯಮ್‌ನವರು ತೆಗೆದು ಮನೆಯನ್ನು 1540ರ ಸುಮಾರಿಗೆ ಇದ್ದ ಹಾಗೆ ಮಾಡಿದ್ದಾರೆ." ಬಟರಿಗೆ ಪೀಪಾಯಿ ಕೋಣೆ, ಕಿಟಕಿ ಕಿಟಕಿಯಾಗೇ ಇದೆ. ಅತ್ತೆ ಓದಿದ್ರು, ಮಳೆ ಬಗ್ಗೆ ಕೇಳ್ಲಿಲ್ಲ, "ಕಣ್ಣು ಉರೀತಿರ್ಲಿಲ್ವಾ" ಅಂದ್ರು. ಪೋರ್ಚುಗೀಸ್ ಜಗಳಕ್ಕೆ ದಯವಿಟ್ಟು ಬೇರೆ ಸಬ್ಜೆಕ್ಟ್ ಲೈನ್ ಹಾಕ್ಕೊಳ್ಳಿ, ನನ್ನ ಇನ್‌ಬಾಕ್ಸ್ ತುಂಬ್ತಾ ಇದೆ.