ಅಚ್ಚು ತೆಗೆದವನೋ, ಶಿಲ್ಪಿಯೋ?

ಅಕ್ಕ: (ಫೋಟೊ) ಮಕ್ಕಳನ್ನು ಕರೆದುಕೊಂಡು ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನ ಕ್ಯಾಪಿಟಲ್‌ಗೆ, ಅಂದರೆ ಅಲ್ಲಿನ ಶಾಸನಸಭೆ ಕಟ್ಟಡಕ್ಕೆ ಹೋಗಿದ್ದೆವು. ಇದು ಜಾರ್ಜ್ ವಾಷಿಂಗ್ಟನ್ ಅವರ ಅಮೃತಶಿಲೆಯ ಮೂರ್ತಿ. ಮಾಡಿದವನು ಫ್ರಾನ್ಸ್‌ನ ಝಾನ್-ಆಂತ್ವಾನ್ ಊದೋನ್.

ಅತ್ತೆ: ಎಷ್ಟು ಚೆನ್ನಾಗಿದೆ! ಈಗ ಬಾಯಿ ಬಿಟ್ಟು ಮಾತಾಡ್ತಾರೇನೋ ಅನ್ನಿಸುತ್ತೆ.

ದೊಡ್ಡಪ್ಪ: ಅನ್ನಿಸದೆ ಏನಮ್ಮ? ಬದುಕಿದ್ದ ಮನುಷ್ಯನ ಮುಖಕ್ಕೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದಿದ್ದ. ಗಣಪತಿ ಅಚ್ಚಿಗೆ ಮಣ್ಣು ಒತ್ತಿದ ಹಾಗೆ. ಇದರಲ್ಲಿ ಶಿಲ್ಪಿಯ ಹೆಚ್ಚುಗಾರಿಕೆ ಏನು ಬಂತು?

ನಾನು: ಅಚ್ಚು ತೆಗೆದದ್ದು ನಿಜ ದೊಡ್ಡಪ್ಪ. 1785ರ ಅಕ್ಟೋಬರ್, ವಾಷಿಂಗ್ಟನ್ ಅವರ ಮೌಂಟ್ ವರ್ನನ್ ಮನೆಯಲ್ಲಿ. ಅವರನ್ನು ದೊಡ್ಡ ಮೇಜಿನ ಮೇಲೆ ಅಂಗಾತ ಮಲಗಿಸಿ, ಮೈಗೆಲ್ಲ ಬಟ್ಟೆ ಹೊದಿಸಿ, ಉಸಿರಾಡಲು ಮೂಗಿನ ಹೊಳ್ಳೆಗೆ ಹಕ್ಕಿಗರಿಯ ಕೊಳವೆ ಇಟ್ಟು ಪ್ಲಾಸ್ಟರ್ ಹಚ್ಚಿದ. ಅವರ ಹೆಂಡತಿಯ ಮೊಮ್ಮಗಳು ನೆಲ್ಲಿ ಆಗ ಪುಟ್ಟ ಹುಡುಗಿ. ಅದನ್ನು ನೋಡಿ ಗಾಬರಿ ಬಿದ್ದಳು. ಆದರೆ ಪ್ಲಾಸ್ಟರ್ ಹಚ್ಚುವಾಗ ಕಣ್ಣು ಮುಚ್ಚಲೇಬೇಕು, ಅಲ್ವಾ? ಹಾಗಿದ್ದರೆ ಈ ನೋಟ ಎಲ್ಲಿಂದ ಬಂತು?

ಭಾವ: ಕಣ್ಣು ಕೆತ್ತುವುದು ಅಷ್ಟು ದೊಡ್ಡ ವಿಷಯವಾ?

ನಾನು: ಊದೋನ್ ವಿಷಯದಲ್ಲಿ ಅದೇ ದೊಡ್ಡದು ಭಾವ. ಹಳೆಯ ಎಷ್ಟೋ ಅಮೃತಶಿಲೆ ಮೂರ್ತಿಗಳಲ್ಲಿ ಕಣ್ಣುಗುಡ್ಡೆ ಬರೀ ನುಣ್ಣಗೆ ಇರುತ್ತೆ. ಇವನು ಪಾಪೆಯನ್ನು ಆಳವಾಗಿ ಕೊರೆದ. ಒಳಗೆ ಕತ್ತಲೆ ತುಂಬುತ್ತೆ. ಆ ಗುಳಿಯ ಮೇಲಂಚಿನಲ್ಲಿ ಮಾತ್ರ ಕಲ್ಲಿನ ಒಂದು ಸಣ್ಣ ಚೂರನ್ನು ಹಾಗೇ ಉಳಿಸಿದ. ಬೆಳಕು ಅದರ ಮೇಲೆ ಬಿದ್ದರೆ ಕಣ್ಣು ಹೊಳೆಯುತ್ತೆ. ಉಳಿ ಒಂದು ಕೂದಲೆಳೆ ಜಾರಿದರೂ ಆ ಚೂರು ಹೋಯಿತು, ಮತ್ತೆ ಅಂಟಿಸುವ ಹಾಗಿಲ್ಲ.

ದೊಡ್ಡಪ್ಪ: ಅಷ್ಟು ಕೈಚಳಕ ಇದ್ದವನಿಗೆ ಅಚ್ಚು ಯಾಕೆ ಬೇಕಿತ್ತು?

ನಾನು: ಕಲ್ಲು ಕೆತ್ತಬೇಕಾದದ್ದು ಪ್ಯಾರಿಸ್‌ನಲ್ಲಿ, ಮನುಷ್ಯ ಇರುವುದು ಸಮುದ್ರದಾಚೆ. ಅಳತೆ ಬೇಡವಾ? ಚಾರ್ಲ್ಸ್ ವಿಲ್ಸನ್ ಪೀಲ್ ಬರೆದ ಚಿತ್ರವನ್ನು ನೋಡಿ ಮಾಡಲಿ ಅನ್ನುವುದು ಮೂರ್ತಿ ಮಾಡಿಸಿದ ವರ್ಜೀನಿಯಾದವರ ಲೆಕ್ಕಾಚಾರವಾಗಿತ್ತು. ಊದೋನ್ ಒಪ್ಪಲಿಲ್ಲ, ಮನುಷ್ಯನನ್ನೇ ನೋಡಬೇಕು ಅಂದ. ದಾರಿಯಲ್ಲಿ ಸತ್ತರೆ ಮನೆಯವರಿಗೆ ಸಿಗಲಿ ಅಂತ ಜೀವವಿಮೆ ಮಾಡಿಸಿಕೊಂಡು, ಅಮೆರಿಕದ ನಾಯಕ ಬೆಂಜಮಿನ್ ಫ್ರಾಂಕ್ಲಿನ್ ಜೊತೆ ಹಡಗು ಹತ್ತಿದ. ಬರೀ ಅಚ್ಚು ಸಾಕು ಅನ್ನುವವನಾಗಿದ್ದರೆ ಸಹಾಯಕನೊಬ್ಬನನ್ನು ಕಳಿಸಿ ಸುಮ್ನೆ ಇರುತ್ತಿದ್ದ.

ಅತ್ತೆ: ಜೀವ ಒತ್ತೆ ಇಟ್ಟು ಹೋದನಲ್ಲ, ಪಾಪ.

ದೊಡ್ಡಪ್ಪ: ಇನ್ನೊಂದು ಹೇಳು. ಗ್ರೀಕ್ ರೋಮನ್ ಮಾದರಿಯ ಶಿಲ್ಪಿ ಅನ್ನುತ್ತಾರೆ. ಮೈಮೇಲೆ ನೋಡಿದರೆ ಕೋಟು, ಬಟನ್ನು!

ನಾನು: ತಮ್ಮ ಕಾಲದ ಬಟ್ಟೆಯೇ ಇರಲಿ ಅನ್ನುವುದು ವಾಷಿಂಗ್ಟನ್ ಅವರ ಆಸೆಯೂ ಆಗಿತ್ತು. ರೋಮ್‌ನ ಗುರುತು ಮೂರ್ತಿಯಲ್ಲಿ ಬೇರೆ ಕಡೆ ಇದೆ. ಕಾಲಿನ ಹಿಂದೆ ನೇಗಿಲು ನೋಡಿ. ಯುದ್ಧ ಗೆದ್ದು, ಅಧಿಕಾರ ಬಿಟ್ಟು, ಹೊಲಕ್ಕೆ ವಾಪಸಾದ ಹಳೆಯ ರೋಮ್‌ನ ನಾಯಕ ಸಿನ್ಸಿನಾಟಸ್‌ನ ನೆನಪು ಅದು. ಎಡಗೈ ಊರಿರುವ ಕಟ್ಟಿನಲ್ಲಿ 13 ಕೋಲು, ಆಗಿನ ಅಮೆರಿಕದ 13 ರಾಜ್ಯಗಳಿಗೆ. ಕತ್ತಿಯನ್ನು ಅದಕ್ಕೇ ನೇತುಹಾಕಿದ್ದಾರೆ. ಬಲಗೈಯಲ್ಲಿ ವಾಕಿಂಗ್ ಸ್ಟಿಕ್. ದೇವರ ಹಾಗೆ ಕೂರಿಸದೆ, ಕೆಲಸ ಮುಗಿಸಿ ಮನೆಗೆ ಹೊರಟ ಮನುಷ್ಯನನ್ನು ನಿಲ್ಲಿಸಿದ. ನನಗೆ ತುಂಬಾ ಇಷ್ಟವಾಗುವುದು ಇದೇ.

ದೊಡ್ಡಪ್ಪ: ಸರಿ, ಕಣ್ಣು ಅವನದು. ಮೂಗು, ಗಲ್ಲ, ದವಡೆ ಅಚ್ಚಿನವೇ ತಾನೇ?

ನಾನು: ಅಂಗಾತ ಮಲಗಿದರೆ ಕೆನ್ನೆ ಹಿಂದಕ್ಕೆ ಜಾರುತ್ತೆ, ಪ್ಲಾಸ್ಟರ್ ಭಾರಕ್ಕೆ ಮಾಂಸ ತಗ್ಗುತ್ತೆ. ನಿಂತ ಮನುಷ್ಯನ ಮುಖ ಬೇಕಾದರೆ ಅದನ್ನೆಲ್ಲ ಕೈಯಿಂದಲೇ ತಿದ್ದಬೇಕು. ಚರ್ಮದ ಕೆಳಗೆ ಏನಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. 1767ರಲ್ಲಿ, ರೋಮ್‌ನಲ್ಲಿ ಕಲಿಯುವಾಗಲೇ, ಚರ್ಮ ಸುಲಿದ ಮನುಷ್ಯನ ಆಕೃತಿ ಮಾಡಿದ್ದ. ಅದರ ನಕಲು ಇಟ್ಟುಕೊಂಡು ಎಷ್ಟೋ ಕಲಾಶಾಲೆಗಳಲ್ಲಿ ಪಾಠ ಮಾಡಿದರು. ಇನ್ನು ತತ್ವಜ್ಞಾನಿ ರೂಸೋ ವಿಷಯ. 1778ರಲ್ಲಿ ಅವರು ತೀರಿಕೊಂಡಾಗ ಫ್ರಾನ್ಸ್‌ನ ಎರ್ಮನೊಂವಿಲ್‌ಗೆ ಹೋಗಿ ಮುಖದ ಅಚ್ಚು ತೆಗೆದ. ಹೆಣದ ಮುಖ ಅದು. ಅದನ್ನು ಇಟ್ಟುಕೊಂಡು ಮಾಡಿದ ಪ್ರತಿಮೆಯಲ್ಲಿ ರೂಸೋ ಎದುರಿನವರನ್ನೇ ನೋಡುತ್ತಿದ್ದಾರೆ.

ದೊಡ್ಡಪ್ಪ: ದವಡೆ ವಿಷಯ ನಾನಿನ್ನೂ ಒಪ್ಪಿಲ್ಲ. ರೂಸೋ ಫೋಟೊ ಹಾಕು, ಅಚ್ಚಿನದೂ ಪ್ರತಿಮೆಯದೂ ಎರಡೂ.