ಒಂದು ಗ್ರಾಂ ಚಿನ್ನದ ಸೆಟ್, ಅಂಟಿಸುವ ಉಗುರು: ದಿನವಿಡೀ ನೋವಿಲ್ಲದೆ ಧರಿಸುವುದು ಹೇಗೆ?

ಪ್ರಶ್ನೆ (ತುಮಕೂರಿನಿಂದ)

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನನ್ನ ತಮ್ಮನ ಮದುವೆ. ಚಿನ್ನದ ಬೆಲೆ ನೋಡಿ ಹೊಸ ಒಡವೆಯ ಆಸೆ ಬಿಟ್ಟು, ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1,800 ರೂಪಾಯಿಗೆ ಒಂದು ಗ್ರಾಂ ಚಿನ್ನದ ಸೆಟ್ ತಂದಿದ್ದೇನೆ. ಅದರಲ್ಲಿ ಅಡ್ಡಿಗೆ, ಜುಮುಕಿ ಮತ್ತು ವಂಕಿ ಇವೆ. ಕಳೆದ ವಾರ ಒಂದು ಗೃಹಪ್ರವೇಶಕ್ಕೆ ಅಡ್ಡಿಗೆಯನ್ನೂ ಜುಮುಕಿಯನ್ನೂ ಐದು ಗಂಟೆ ಹಾಕಿಕೊಂಡಿದ್ದೆ. ಅಂದೇ ಕಿವಿ ಜಗ್ಗಿ ನೋಯಿತು, ಕತ್ತಿನ ಹಿಂಭಾಗ ಗೀರಿದಂತೆ ಉರಿಯಿತು. ಅದು ಹೋಗಲಿ ಎಂದುಕೊಂಡರೆ, ಎರಡನೆಯ ದಿನ ಕಿವಿಯ ತೂತಿನ ಸುತ್ತ ಕೆಂಪಾಗಿ ತುರಿಕೆ ಶುರುವಾಯಿತು. ಮೂರನೆಯ ದಿನ ನೀರು ಒಸರಿತು.

ಇದರ ಜೊತೆಗೆ ಮಗಳು 24 ಅಂಟಿಸುವ ಉಗುರುಗಳ ಡಬ್ಬಿ ತರಿಸಿಕೊಟ್ಟಿದ್ದಾಳೆ. ಅಂಟಿಸಿದ ಅರ್ಧ ಗಂಟೆಯಲ್ಲೇ ಹೆಬ್ಬೆರಳು ಹಿಂಡಿದಂತಾಗುತ್ತದೆ, ಅನ್ನ ಕಲಸಲೂ ಬರುವುದಿಲ್ಲ. ಕಳಸಗಿತ್ತಿಯಾಗಿ ನಾನು ಬೆಳಗಿನಿಂದ ಸಂಜೆಯವರೆಗೆ ಮಂಟಪದಲ್ಲೇ ಇರಬೇಕಾದ್ದರಿಂದ ನಡುವೆ ಬಿಚ್ಚಿಡುವ ಅವಕಾಶವಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಚರ್ಮರೋಗ ವಿಭಾಗದಲ್ಲಿ ಶುಶ್ರೂಷಕಿ)

ಅಕ್ಕ, ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಅವುಗಳಿಗೆ ಮದ್ದೂ ಬೇರೆಯೇ. ಭಾರದಿಂದ ಆಗುವ ನೋವು ಒಡವೆ ತೆಗೆದ ಮೇಲೆ ಬೇಗ ಇಳಿಯುತ್ತದೆ. ಆದರೆ ತೆಗೆದಿಟ್ಟ ಒಂದೆರಡು ದಿನಗಳ ಮೇಲೆ ಏಳುವ ತುರಿಕೆ ಹೆಚ್ಚಿನ ಪಾಲು ನಿಕ್ಕಲ್ ಲೋಹದ ಅಲರ್ಜಿ. ಇಂತಹ ಒಡವೆಗಳಲ್ಲಿ ಹಿತ್ತಾಳೆಗೋ ತಾಮ್ರಕ್ಕೋ ಮೊದಲು ನಿಕ್ಕಲ್ ಲೇಪಿಸಿ, ಅದರ ಮೇಲೆ ತೀರ ತೆಳುವಾಗಿ ಚಿನ್ನದ ನೀರು ಕೊಡುವುದುಂಟು. ಆ ಮೇಲ್ಪದರ ಸವೆದಲ್ಲಿ ಬೆವರಿನ ಉಪ್ಪು ನಿಕ್ಕಲನ್ನು ಕರಗಿಸಿ ಚರ್ಮಕ್ಕೆ ಇಳಿಸುತ್ತದೆ. ಒಮ್ಮೆ ಈ ಅಲರ್ಜಿ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಆದ್ದರಿಂದ ಹಾಕಿ ಹಾಕಿ ರೂಢಿಯಾಗುತ್ತದೆ ಎಂಬ ಹಿರಿಯರ ಮಾತನ್ನು ಈ ಒಂದು ವಿಷಯದಲ್ಲಿ ನಂಬಬೇಡಿ.

ಕಿವಿ ಪೂರ್ತಿ ಮಾಗುವವರೆಗೆ ಅದರಲ್ಲಿ ಏನನ್ನೂ ತೂಗುಬಿಡಬೇಡಿ, ವೈದ್ಯರಿಗೆ ಒಮ್ಮೆ ತೋರಿಸಿ. ಅಲರ್ಜಿ ಹೌದೋ ಅಲ್ಲವೋ ಎಂದು ಖಚಿತವಾಗಬೇಕಾದರೆ ಬೆನ್ನಿಗೆ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯಿದೆ. ಕೊಳ್ಳುವಾಗ ‘ನಿಕ್ಕಲ್ ಇಲ್ಲ’ ಎಂಬ ಚೀಟಿಯೊಂದನ್ನೇ ನೆಚ್ಚಬೇಡಿ. ಯುರೋಪ್ ಒಕ್ಕೂಟದಲ್ಲಿ ಚುಚ್ಚಿದ ಕಿವಿಗೆ ಹಾಕುವ ಕಡ್ಡಿಯಿಂದ ವಾರವೊಂದಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೋಗ್ರಾಂ ನಿಕ್ಕಲ್ ಕೂಡ ಹೊರಬರಬಾರದೆಂಬ ನಿಯಮವಿದೆ. ಅಷ್ಟು ಅಲ್ಪ ಪ್ರಮಾಣವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಂದರೆ ವಿಷಯ ಎಷ್ಟು ಸೂಕ್ಷ್ಮವೆಂದು ಊಹಿಸಿ.

ಉತ್ತರ 2 (ಮದುಮಗಳ ಅಲಂಕಾರದ ಕೆಲಸ, ಹಾಸನ)

ಮೇಲಿನವರು ಕಿವಿಯ ವಿಷಯ ಸರಿಯಾಗಿ ಹೇಳಿದ್ದಾರೆ. ನಾನು ಕತ್ತು ಮತ್ತು ಉಗುರಿನ ಬಗ್ಗೆ ಹೇಳುತ್ತೇನೆ.

ಅಡ್ಡಿಗೆಯನ್ನು ಮಗುಚಿ ಹಾಸಿ, ಅದರ ಬೆನ್ನ ಮೇಲೆ ಒಂದು ಚಿಟಿಕೆ ಹತ್ತಿಯನ್ನು ಮೆಲ್ಲಗೆ ಸವರಿಕೊಂಡು ಹೋಗಿ. ಎಳೆ ಸಿಕ್ಕಿಕೊಂಡ ಜಾಗವೇ ಚರ್ಮವನ್ನು ಗೀರುವ ಜಾಗ. ಸಾಮಾನ್ಯವಾಗಿ ಅದು ಕಲ್ಲು ಕೂರಿಸಿದ ಹಲ್ಲಿನ ತುದಿಯೋ, ಪೂರ್ತಿ ಕೂಡದೆ ಬಾಯಿ ಬಿಟ್ಟ ಕೊಂಡಿಯೋ ಆಗಿರುತ್ತದೆ. ಕೊಂಡಿಯನ್ನು ಸಣ್ಣ ಇಕ್ಕಳದಿಂದ ಒತ್ತಿ ಮುಚ್ಚಿ, ಹಲ್ಲಿನ ತುದಿಯನ್ನು ನಯವಾದ ಉಪ್ಪುಕಾಗದದಿಂದ ಎರಡು ಸಲ ಉಜ್ಜಿ. ಉಜ್ಜಿದಲ್ಲಿ ಲೇಪ ಹೋಗಿ ಒಳಲೋಹ ಕಾಣುವುದರಿಂದ ಅಲ್ಲಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಎರಡು ಸಲ ಹಚ್ಚಿ, ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ. ಬಳಿಕ ಮೆತ್ತನೆಯ ಹತ್ತಿ ಬಟ್ಟೆಯ ಪಟ್ಟಿಯನ್ನು ಬೆನ್ನಿಗೆ ಹೊಲಿದುಬಿಟ್ಟರೆ ಬೆವರೂ ಹೀರಿಕೊಳ್ಳುತ್ತದೆ, ಅಡ್ಡಿಗೆ ಜಾರುವುದೂ ಇಲ್ಲ. ವಂಕಿಯನ್ನು ಬರಿ ತೋಳಿಗಿಂತ ರವಿಕೆಯ ತೋಳಿನ ಮೇಲೆ ಹಾಕುವುದು ಒಳ್ಳೆಯದು.

ಉಗುರು ಹಿಂಡುವುದಕ್ಕೆ ಕಾರಣ ಅಂಟಲ್ಲ, ಅಳತೆ. ಡಬ್ಬಿಯಲ್ಲಿ 24 ಕೊಡುವುದು ಹತ್ತು ಬೆರಳಿಗೆ ಆರಿಸಿಕೊಳ್ಳಲೆಂದೇ. ನಿಮ್ಮ ಉಗುರಿಗಿಂತ ಕಿರಿದಾದದ್ದನ್ನು ಒತ್ತಿ ಅಂಟಿಸಿದರೆ ಅದು ಮತ್ತೆ ಮೊದಲಿನಂತೆ ಬಾಗಲು ಹವಣಿಸುತ್ತಾ ದಿನವಿಡೀ ಎಳೆಯುತ್ತದೆ. ಅಂಟಿಲ್ಲದೆ ಇಟ್ಟು ನೋಡಿ. ಎರಡು ಅಂಚೂ ತಾನಾಗಿ ಕೂತರೆ ಮಾತ್ರ ಆರಿಸಿ, ಅನುಮಾನವಿದ್ದರೆ ಒಂದು ಅಳತೆ ದೊಡ್ಡದನ್ನು ತೆಗೆದುಕೊಂಡು ಬದಿಯನ್ನು ಉಜ್ಜಿ ಹೊಂದಿಸಿಕೊಳ್ಳಿ. ಒಂದೇ ದಿನದ ಮಾತಾದ್ದರಿಂದ ಅಂಟುದ್ರವ ಬೇಡ, ಎರಡು ಬದಿಯ ಅಂಟುಪಟ್ಟಿ ಸಾಕು. ಅಂಟುದ್ರವವೇ ಬೇಕೆಂದರೆ ಹತ್ತಿಯಿಂದ ಒರೆಸಲು ಹೋಗಬೇಡಿ. ಅದು ಹತ್ತಿಗೆ ತಾಗಿದ ಕೂಡಲೇ ಜೋರಾಗಿ ಕಾದು ಬೆರಳು ಸುಡಬಹುದು. ನನ್ನ ಕೈಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗಿಯೊಬ್ಬಳಿಗೆ ಹಾಗೆ ಬೊಬ್ಬೆ ಬಂದದ್ದನ್ನು ಕಂಡಿದ್ದೇನೆ. ತೆಗೆಯುವಾಗ ಕಿತ್ತರೆ ನಿಮ್ಮ ಉಗುರಿನ ಪದರವೂ ಎದ್ದುಬರುತ್ತದೆ, ಆ ಜಾಗ ಬೆಳೆದು ಹೊರಹೋಗಲು ತಿಂಗಳುಗಳೇ ಬೇಕು. ಬೆಚ್ಚಗಿನ ಸೋಪು ನೀರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಕಾಲು ಗಂಟೆ ಕೈ ನೆನೆಸಿ, ಬದಿಯಿಂದ ನಿಧಾನವಾಗಿ ಬಿಡಿಸಿ.

ಉತ್ತರ 3 (ಭರತನಾಟ್ಯ ಕಲಿಯುವ ಹುಡುಗಿಯ ತಾಯಿ)

ನೇಲ್ ಪಾಲಿಶ್ ವಿಷಯದಲ್ಲಿ ನನ್ನದೊಂದು ಎಚ್ಚರಿಕೆಯ ಮಾತು. ಅಡ್ಡಿಗೆಯ ಬೆನ್ನಿಗೆ ಅದು ಸರಿ. ಕಿವಿಯ ತೂತಿನೊಳಗೆ ಹೋಗುವ ಕಡ್ಡಿಗೆ ಹಚ್ಚಿದರೆ ಹಾಕಿ ತೆಗೆಯುವಾಗಲೇ ಸುಲಿದುಹೋಗುತ್ತದೆ. ಮಗಳ ನೃತ್ಯದ ಒಡವೆಗೆ ಹೀಗೆ ಮಾಡಿ ನಾನು ಎರಡು ಸಲ ಸೋತಿದ್ದೇನೆ. ಈಗ ಅವಳು ತನ್ನ ಸ್ವಂತ ಚಿನ್ನದ ಓಲೆಯನ್ನೇ ಹಾಕಿಕೊಂಡು, ಅದರ ಕಡ್ಡಿಗೆ ಜುಮುಕಿಯ ಬಳೆಯನ್ನು ಸಿಕ್ಕಿಸಿ ಹಿಂದಿನಿಂದ ತಿರುಪು ಬಿಗಿಯುತ್ತಾಳೆ. ತೂತಿಗೆ ತಾಗುವುದು ಚಿನ್ನ ಮಾತ್ರ. ಜುಮುಕಿಯ ಬಳೆ ಕಿವಿಗೆ ಒರಗುವುದರಿಂದ ಅದಕ್ಕೆ ರೇಷ್ಮೆ ದಾರವನ್ನು ಒತ್ತಾಗಿ ಸುತ್ತಿದ್ದೇನೆ. ಭಾರಕ್ಕೆ ಕೆನ್ನೆ ಸರಪಳಿಯೇ ಉತ್ತಮ. ಅದರ ಕೊಕ್ಕೆಯನ್ನು ಕಿವಿಯ ಮೇಲ್ಭಾಗದ ಕೂದಲಿಗೆ ಸಡಿಲವಾಗಿ ಸಿಕ್ಕಿಸದೆ, ಪಿನ್ನು ಹಾಕಿ ಭದ್ರಪಡಿಸಿದ ಕೂದಲಿಗೆ ಸಿಕ್ಕಿಸಿದರೆ ಜುಮುಕಿಯ ತೂಕವನ್ನು ಬಹುಮಟ್ಟಿಗೆ ತಲೆಯೇ ಹೊರುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ವೈದ್ಯರು ನೋಡಿ ಮುಲಾಮು ಕೊಟ್ಟಿದ್ದು, ಹತ್ತು ದಿನಗಳಲ್ಲಿ ಕಿವಿ ಒಣಗಿದೆ. ಅಡ್ಡಿಗೆಯ ಬೆನ್ನಿಗೆ ಹತ್ತಿ ಸವರಿದಾಗ ಏಳು ಕಡೆ ಎಳೆ ಸಿಕ್ಕಿತು. ಎಲ್ಲವನ್ನೂ ಉಜ್ಜಿ, ಹಳೆಯ ಮಲ್ ಪಂಚೆಯ ತುಂಡು ಹೊಲಿದು ನಿನ್ನೆ ನಾಲ್ಕು ಗಂಟೆ ಹಾಕಿಕೊಂಡೇ ಅಡುಗೆ ಮಾಡಿದೆ, ಕತ್ತು ಉರಿಯಲಿಲ್ಲ. ಜುಮುಕಿಯನ್ನು ಅಮ್ಮನ ಮುತ್ತಿನ ಓಲೆಗೆ ಸಿಕ್ಕಿಸುವುದೆಂದು ನಿಶ್ಚಯಿಸಿದ್ದೇನೆ. ಉಗುರಿನಲ್ಲಿ ಹೆಬ್ಬೆರಳಿಗೆ ನಾನು ಹಾಕುತ್ತಿದ್ದುದಕ್ಕಿಂತ ಎರಡು ಅಳತೆ ದೊಡ್ಡದು ಬೇಕಿತ್ತು. ಎಡಗೈಗೆ ಉದ್ದನೆಯವನ್ನೇ ಅಂಟಿಸಿ, ಬಲಗೈಯವನ್ನು ಬೆರಳ ತುದಿಯ ಮಟ್ಟಕ್ಕೆ ಕತ್ತರಿಸಿದ್ದೇನೆ; ಇವತ್ತು ಮಧ್ಯಾಹ್ನ ಸಾರನ್ನ ಕಲಸಿ ಉಂಡು ನೋಡಿದೆ, ಉಗುರಿನಡಿ ಒಂದಗುಳೂ ಸಿಕ್ಕಲಿಲ್ಲ.